ಪರದೇಶದ ಬಸವಣ್ಣ

ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಹಸಿದವರು ಹಸಿದಾಗ ಉಣ್ಣುವ ಪದ್ಧತಿ ಇರಲಿಲ್ಲ. ಆಯಿ, ಎಂದರೆ ಅಪ್ಪನ ತಾಯಿ, ಸ್ನಾನ ಮುಗಿಸಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿ, ಅಡಿಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಕೂಡುತ್ತಿದ್ದಳು. ಅವಳ ಬಲಕ್ಕೆ ಒಂದು ಮಣೆ. ಅಜ್ಜ ಇರುವತನಕ ಅದು ಅಜ್ಜನದು. ಅವನು ತೀರಿದ ಮೇಲೆ ಹಿರಿಯ ಮಗನದು, ಎಂದರೆ ನಮ್ಮ ಅಪ್ಪನದು. ಅಪ್ಪ ಬಂದು ಆ ಮಣೆಯ ಮೇಲೆ ಕೂತು ರೊಟ್ಟಿ ಮುರಿಯುವತನಕ ಆಯಿ ತುತ್ತು ಇಡುತ್ತಿರಲಿಲ್ಲ. ಅಪ್ಪ ನೂಲಿನ ಗಿರಣಿಯಲ್ಲಿ ಯಂತ್ರ ರಿಪೇರಿ ಮಾಡುವ ಫಿಟ್ಟರ್ ಆಗಿದ್ದ. ಪಾಳಿ ಮುಗಿದ ಭೋಂಗಾ ಕೂಗಿ, ಅವನು ಸೈಕಲ್ ಮೇಲೆ ಬಂದು, ಬಚ್ಚಲಲ್ಲಿ ಕೈಗೆ ಬೂದಿ ಹಚ್ಚಿ ಗ್ರೀಸು ತಿಕ್ಕಿ ತೊಳೆದುಕೊಳ್ಳುವತನಕ ಆಯಿ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಅವಳು ಉಣ್ಣದೆ ಅವ್ವ ಉಣ್ಣುವಂತಿರಲಿಲ್ಲ. ನಾನು, ಅಕ್ಕ ಮಕ್ಕಳೆಂದು ಈ ಕ್ರಮದಿಂದ ಹೊರಗೆ. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದ ಕಾಕಾ, ಅಪ್ಪನ ತಮ್ಮ, ಗಂಡಸಾದ್ದರಿಂದ ಎಲ್ಲ ಕ್ರಮಗಳಿಂದಲೂ ಹೊರಗೆ. ಅವನು ನಿಂತೇ ಉಂಡು ರೈಲು ಹಿಡಿಯಲು ಓಡುತ್ತಿದ್ದ.

ಆ ಅಡಿಗೆಮನೆಯನ್ನು ಈಗ ನೆನೆದರೆ ಮೊದಲು ಕಾಣುವುದು ಬೆಳಕಿಂಡಿ. ಮಣ್ಣಿನ ಮಾಳಿಗೆಯಲ್ಲಿ ಒಂದು ಕಿಂಡಿ, ಅದರಿಂದ ಇಳಿದ ಬಿಸಿಲಿನ ಕೋಲು, ಅದರೊಳಗೆ ಹೊಗೆ. ಉಳಿದದ್ದೆಲ್ಲ ಕತ್ತಲೆ. ಇದನ್ನು ಬರೆದ ದಿನವೇ ಸುಳ್ಳ ಎಂಬ ಹಳ್ಳಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಅವಳು ನಕ್ಕಳು: "ಬೆಳಕಿಂಡಿ ಇದ್ದದ್ದು ನಡುಮನ್ಯಾಗ. ಅಡಗಿಮನ್ಯಾಗ ಖಿಡಕಿ ಇತ್ತು. ನೀ ಪುಸ್ತಕಾ ಓದಿ ಓದಿ ಎಲ್ಲಾ ಕಲಸಿಬಿಟ್ಟಿ." ಇರಬಹುದು. ನಲವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ದಿನಚರಿ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಚರಿತ್ರೆ ಕಲಿಸಿ ನಿವೃತ್ತಳಾಗಿದ್ದೇನೆ. ನಿನ್ನೆ ನಡೆದದ್ದನ್ನು ಇವತ್ತು ಬರೆಯುವಾಗಲೇ ಎಷ್ಟು ತಿದ್ದುತ್ತೇನೆಂಬುದು ನನಗೆ ಗೊತ್ತು. ಹೀಗಾಗಿ ಮುಂದೆ ಹೇಳುವುದರಲ್ಲಿ ಕಿಂಡಿಯೋ ಖಿಡಕಿಯೋ ಎಂಬಂಥವನ್ನು ಓದುವವರು ನಂಬಬೇಕಿಲ್ಲ. ಮಣೆಯ ವಿಷಯವನ್ನು ಮಾತ್ರ ನಂಬಬೇಕು. ಅದರಲ್ಲಿ ಅಕ್ಕನಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ.

ಗಿರಣಿಯವರು ಜರ್ಮನಿಯ ಒಂದು ಕಾರಖಾನೆಯಿಂದ ನೂಲುವ ಯಂತ್ರಗಳನ್ನು ತರಿಸಲು ನಿರ್ಧರಿಸಿ, ಅವನ್ನು ಬಿಚ್ಚಿ ಜೋಡಿಸುವುದನ್ನು ಕಲಿತು ಬರಲೆಂದು ಅಪ್ಪನನ್ನು ಅಲ್ಲಿಗೆ ಕಳಿಸಿದರು. ಆರು ತಿಂಗಳು ಅವನು ಕಾರಖಾನೆ ಇದ್ದ ಆ ಸಣ್ಣ ಊರಿನಲ್ಲಿದ್ದ. ಆ ಊರಿನ ಹೆಸರು ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ. ಮುಂದೆ ಆಯಿ ಅದಕ್ಕೊಂದು ಹೆಸರಿಟ್ಟಳು, ನಾನು ಅದನ್ನೇ ಇಲ್ಲಿ ಉಳಿಸಿಕೊಳ್ಳುತ್ತೇನೆ. ಅಪ್ಪ ಇಲ್ಲದ ಆ ತಿಂಗಳುಗಳಲ್ಲಿ ಆಯಿ ಮಣೆಯ ಮೇಲೆ ಅಪ್ಪನ ಟೊಪ್ಪಿಗೆ ಇಟ್ಟುಕೊಂಡು ಉಂಡಳು. ಟೊಪ್ಪಿಗೆಗೆ ಅವ್ವ ಒಂದು ಚೂರು ರೊಟ್ಟಿ ಎಡೆ ಹಿಡಿಯಬೇಕು, ಆಮೇಲೆ ಆಯಿಯ ತುತ್ತು. ನಮಗೆ ನಗು, ಅವ್ವ ಕಣ್ಣಲ್ಲೇ ಗದರಿಸುತ್ತಿದ್ದಳು.

ಅಪ್ಪ ತಿರುಗಿ ಬಂದ. ಟೊಪ್ಪಿಗೆ ಎದ್ದಿತು, ಆದರೆ ಅಪ್ಪ ಕೂಡಲಿಲ್ಲ. ಆಯಿ ಕೂಡಗೊಡಲಿಲ್ಲ. ಮಠದ ಅಯ್ಯನವರು ಬಂದು ಪಾದೋದಕ ಕೊಟ್ಟು, ಅಪ್ಪನ ಲಿಂಗಕ್ಕೆ ಹೊಸ ಶಿವದಾರ ಹಾಕಿಸಿ, ಪರದೇಶಕ್ಕೆ ಹೋದ ದೋಷ ಕಳೆಯಿತೆಂದು ಹೇಳಿಹೋದರು. ಆಯಿ ಅವರ ಪಾದಕ್ಕೆ ಹಣೆ ಹಚ್ಚಿ ಕಳಿಸಿದಳು. ಮಧ್ಯಾಹ್ನ ಅಪ್ಪ ಮಣೆಯ ಹತ್ತಿರ ಬಂದಾಗ ಕೈ ಅಡ್ಡ ಹಿಡಿದಳು.

"ಅಯ್ಯನವರು ಆತು ಅಂದಾರಲ್ಲ, ಅವ್ವಾ. ಇನ್ನೇನಾಗಬೇಕು?"

"ಅವರು ಅಂದಾರ, ಖರೇ. ನನ್ನ ಮನಸ ಅನವಲ್ದು."

"ಬ್ರೆಡ್ಡು, ಬಟಾಟಿ ಬಿಟ್ರ ನಾ ಅಲ್ಲೆ ಏನೂ ತಿಂದಿಲ್ಲ. ಲಿಂಗದ ಆಣಿ."

"ನೀ ತಿಂದಿ ಅಂತ ನಾ ಅಂದೆನೇನೋ, ಬಸೂ? ಆ ಊರ ಎಂಥಾದೋ, ನೀರ ಎಂಥಾದೋ, ಬಾಜೂಕ ಕುಂತಾಂವ ಏನ ತಿಂತಿದ್ನೋ. ನೀ ಇಲ್ಲೆ ಕುಂತ್ರ ನನಗ ತುತ್ತ ಇಳ್ಯಂಗಿಲ್ಲ."

ಅಪ್ಪ ತಾಟು ತೆಗೆದುಕೊಂಡು ಹೊರಗಿನ ಪಡಸಾಲೆಗೆ ಹೋದ. ಆಯಿಗೆ ಅವನಿಲ್ಲದೆಯೂ ತುತ್ತು ಇಳಿಯುವಂತಿರಲಿಲ್ಲ. ತಾನೇ ಮಾಡಿಕೊಂಡ ಎರಡು ನೇಮಗಳ ನಡುವೆ ಸಿಕ್ಕು ಅವಳು ಒಪ್ಪತ್ತು ಊಟ ಹಿಡಿದಳು. ಮಧ್ಯಾಹ್ನ ಒಂದು ರೊಟ್ಟಿ, ಒಂದಿಷ್ಟು ಹೆಸರುಕಾಳ ಪಲ್ಯ, ರಾತ್ರಿ ಹಾಲು. ಅವಳ ಕೊರಳ ಕೆಳಗಿನ ಎಲುಬುಗಳು ಎದ್ದು ಕಾಣತೊಡಗಿದವು. ಗಿರಣಿಯಲ್ಲಿ ಅಪ್ಪನಿಗೆ ದೊಡ್ಡ ಹೆಸರು ಬಂದಿತ್ತು, ಸಂಬಳ ಏರಿತ್ತು, ಓಣಿಯವರು ಪರದೇಶಕ್ಕೆ ಹೋಗಿಬಂದವನನ್ನು ನೋಡಲು ಬರುತ್ತಿದ್ದರು. ಅವರೆಲ್ಲ ಹೋದ ಮೇಲೆ ಅವನು ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ.

ಆ ಊರಿನ ಲಾಂಛನ ಸಿಕ್ಕಿದ್ದು ಆಗ. ಅವ್ವ ಟ್ರಂಕಿನ ಅರಿವೆಗಳನ್ನು ಬಿಸಿಲಿಗೆ ಹಾಕಲು ತೆಗೆಯುತ್ತಿದ್ದಳು. ಉಣ್ಣೆಯ ಸ್ವೆಟರಿನೊಳಗೆ ಸುತ್ತಿಟ್ಟ ಒಂದು ತಗಡು ಜಾರಿ ನೆಲಕ್ಕೆ ಬಿತ್ತು. ಗುರಾಣಿಯ ಆಕಾರ, ಮೇಲೆ ಪಿಂಗಾಣಿಯಂಥ ಹೊಳೆಯುವ ಬಣ್ಣ. ಹಳದಿ ನೆಲದ ಮೇಲೆ ಮೂರು ಗೋಪುರಗಳಿದ್ದ ಕೆಂಪು ಕೋಟೆಗೋಡೆ, ಆ ಗೋಡೆಯ ಮೇಲೆ ನಿಂತ ಕರಿಯ ಹೋರಿ. ಕಲಿತು ಹೊರಟವರಿಗೆ ಕಾರಖಾನೆಯವರು ಊರಿನ ನೆನಪಿಗೆಂದು ಕೊಟ್ಟಿದ್ದು. ಸಪ್ಪಳ ಕೇಳಿ ಬಂದ ಆಯಿ ಅದನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ನಮ್ಮ ಕಡೆಯ ಗುಡಿಗಳ ಪ್ರಾಕಾರದ ಗೋಡೆಯ ಮೇಲೆ ಮೂಲೆಮೂಲೆಗೆ ಬಸವಣ್ಣಗಳು ಕೂತಿರುತ್ತವೆ. ಅವಳಿಗೆ ಅದನ್ನು ಬೇರೆ ಏನೋ ಎಂದು ನೋಡಲು ಕಾರಣವೇ ಇರಲಿಲ್ಲ.

"ಅಯ್ಯ ಶಿವನ! ಬಸವಣ್ಣ ಅಲ್ಲೇನೋ ಇಂವಾ?"

"ಅದು ಆ ಊರಿನ ಗುರ್ತು, ಅವ್ವಾ," ಎಂದ ಅಪ್ಪ. "ಕಚೇರಿ ಮ್ಯಾಲ, ಲಾರಿ ಮ್ಯಾಲ, ಗಟಾರದ ಮುಚ್ಚಳದ ಮ್ಯಾಲ, ಎಲ್ಲಾ ಕಡೆ ಇದ ಇರತೈತಿ."

"ಅಂದ್ರ ಊರಿಗೆ ಊರ ಬಸವಣ್ಣಗ ನಡಕೋತಾರೇನು?"

ಅಪ್ಪ ಅವ್ವನ ಕಡೆ ನೋಡಿದ. ಅವ್ವ ನೆಲ ನೋಡಿದಳು. ಆಯಿಯ ಮುಖದಲ್ಲಿ ಎಷ್ಟೋ ವಾರಗಳಿಂದ ಇಲ್ಲದಿದ್ದ ಒಂದು ಆಸೆ ಇತ್ತು; ಇದನ್ನು ನಾನು ಆಮೇಲೆ ಸೇರಿಸಿಕೊಂಡೆನೋ ಏನೋ, ಆದರೆ ಅಪ್ಪ ಅದನ್ನು ಕಂಡಿರಲೇಬೇಕು.

"ಹೂಂ," ಎಂದ.

ಅಷ್ಟೇ. ಒಂದು ಹೂಂ. ಆ ಮಧ್ಯಾಹ್ನ ಅಪ್ಪ ಮಣೆಯ ಮೇಲೆ ಕೂತ. ಅವ್ವ ಅವಸರದಲ್ಲಿ ರವೆ-ಬೆಲ್ಲದ ಸಜ್ಜಕ ಮಾಡಿದಳು. ಆಯಿ ಎರಡು ಸಲ ಹಾಕಿಸಿಕೊಂಡು ಉಂಡಳು. ತಗಡು ನಡುಮನೆಯ ಜಗಲಿಗೆ ಏರಿತು. ಜಗಲಿ ಎಂದರೆ ನಮ್ಮಲ್ಲಿ ದೇವರನ್ನು ಇಡುವ ಕಟ್ಟೆ. ಹಿತ್ತಾಳೆಯ ವೀರಭದ್ರನ ಬಾಜೂಕ್ಕೆ ಜರ್ಮನಿಯ ಹೋರಿ ನಿಂತಿತು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಹೊತ್ತು. ಮಹಾನವಮಿಯ ಖಂಡೇಪೂಜೆಯ ದಿನ ಅಪ್ಪನ ಪಾನೆ, ಸುತ್ತಿಗೆಗಳ ಜೊತೆ ಅದಕ್ಕೂ ಚೆಂಡುಹೂವಿನ ಮಾಲೆ. ಬಸವ ಜಯಂತಿಗೆ ಹೋಳಿಗೆಯ ಎಡೆ.

ಆಯಿ ಆ ಊರನ್ನು ಬಸವಣ್ಣನೂರು ಎಂದು ಕರೆದಳು. ಸಂಜೆ ಮುಂದಿನ ಕಟ್ಟೆಯ ಮೇಲೆ ಓಣಿಯ ಹೆಂಗಸರ ಮುಂದೆ ಅದನ್ನು ಕಟ್ಟತೊಡಗಿದಳು. ಅಲ್ಲಿ ಹೊಲಕ್ಕೆ ಎತ್ತು ಹೂಡುವುದಿಲ್ಲ, ಅದಕ್ಕೆಂದೇ ಯಂತ್ರ ಕಂಡುಹಿಡಿದಿದ್ದಾರೆ. ಮುಂಜಾನೆ ಮೊದಲ ರೊಟ್ಟಿ ಬಸವಣ್ಣನಿಗೆ.

"ಅವರು ರೊಟ್ಟಿ ತಿನ್ನಂಗಿಲ್ಲ, ಆಯಿ. ಬ್ರೆಡ್ ತಿಂತಾರ," ಎಂದಳು ಅಕ್ಕ.

"ಹಂಗಾರ ಬ್ರೆಡ್ ಹಾಕ್ತಾರ ತಗೊ. ದೇವರಿಗೆ ಅಷ್ಟೂ ತಿಳ್ಯಂಗಿಲ್ಲೇನು?"

ಕಾಕಾನಿಗೆ ಇದು ಸಹನೆಯಾಗುತ್ತಿರಲಿಲ್ಲ. ಒಂದು ದಿನ ಬಚ್ಚಲ ಬಾಗಿಲಲ್ಲಿ ಅಪ್ಪ ಕೈ ತೊಳೆಯುವಾಗ ಅವನು ಕೆಣಕುವುದು ನನಗೆ ಕೇಳಿಸಿತು.

"ಅಣ್ಣಾ, ನಿನ್ನ ಬಸವಣ್ಣ ಪಾಸ್‌ಪೋರ್ಟ್ ಮಾಡಿಸ್ಕೊಂಡು ಬಂದಾನೋ, ಹಂಗ ಬಂದಾನೋ?"

"ಸುಮ್ಮ ಇರೋ."

"ಆ ದೇಶದ ಮಂದಿ ಹೋರಿಗೆ ಏನ ಮಾಡ್ತಾರ ಅಂತ ನನಗ ಗೊತ್ತೈತಿ, ನಿನಗೂ ಗೊತ್ತೈತಿ. ಅವ್ವಗ ಒಂದಿನ ಗೊತ್ತಾದ್ರ?"

"ಯಾರ ಹೇಳ್ತಾರ? ನೀ ಹೇಳ್ತಿ ಏನು?"

"ನಾ ಯಾಕ ಹೇಳ್ಲಿ? ನನಗ ವರ್ಷಕ್ಕ ಒಂದ ಹೋಳಿಗಿ ಜಾಸ್ತಿ ಆಗೈತಿ."

ಅಪ್ಪ ತಂಬಿಗೆಯ ನೀರು ಅವನ ಮೇಲೆ ಸುರಿದ. ಇಬ್ಬರೂ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲವೆಂದು ಬರೆಯಬೇಕೆನ್ನಿಸುತ್ತದೆ, ಆದರೆ ಆ ವಯಸ್ಸಿನಲ್ಲಿ ನಾನೂ ನಕ್ಕಿರಬೇಕು.

ಒಂದೆರಡು ಮಹಾನವಮಿಗಳು ಹೋದವು. ಆಯಿಗೆ ಮೈ ಕೂಡಿತು. ಯಂತ್ರಗಳು ಹೇಗೆ ನಡೆಯುತ್ತಿವೆ ನೋಡಲು ಆ ಕಾರಖಾನೆಯ ಎಂಜಿನಿಯರ್ ಒಬ್ಬರು ಬಂದರು. ಅಲ್ಲಿ ಅಪ್ಪನಿಗೆ ಕೆಲಸ ಕಲಿಸಿದವರೇ. ಅಪ್ಪನ ಮನೆ ನೋಡಬೇಕೆಂದು ತಾವೇ ಕೇಳಿದರಂತೆ. ಬೇರೆ ಯಾವ ಪರದೇಶಿಯಾದರೂ ಆಯಿ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಬಸವಣ್ಣನೂರಿನವರು ಎಂದಾಗ ಮುಂಜಾನೆಯಿಂದಲೇ ಅಂಗಳ ಸಾರಿಸಿದಳು.

ಸಾಹೇಬರು ಎತ್ತರದ ಮನುಷ್ಯ. ನಮ್ಮ ಬಾಗಿಲಿನ ಮೇಲಿನ ತೊಲೆಗೆ ಹಣೆ ಬಡಿದುಕೊಂಡೇ ಒಳಗೆ ಬಂದರು. ಆಯಿ ಅವರನ್ನು ನೇರ ಜಗಲಿಯ ಮುಂದೆ ಕರೆತಂದು ನಿಲ್ಲಿಸಿದಳು. ವಿಭೂತಿ, ಹೂವು, ಉರಿಯುವ ದೀಪದ ನಡುವೆ ತಮ್ಮ ಊರಿನ ಲಾಂಛನ ಕಂಡು ಅವರು ಬಗ್ಗಿ ಹತ್ತಿರದಿಂದ ನೋಡಿದರು. ಕಣ್ಣಲ್ಲಿ ನೀರು ಬಂತು ಎನ್ನುತ್ತಾಳೆ ಅಕ್ಕ. ನನಗೆ ನೆನಪಿರುವುದು ಹಣೆಯ ಮೇಲೆ ಏಳುತ್ತಿದ್ದ ಗುಬುಟಿ. ಆಮೇಲೆ ಅವರು ನಮ್ಮಂತೆಯೇ ಕೈ ಮುಗಿದರು. ಆಯಿ ಅಪ್ಪನ ಕಡೆ ಗೆದ್ದವಳಂತೆ ನೋಡಿ ಹೇಳಿದಳು:

"ಬಸೂ, ಈ ಬಸವಣ್ಣ ಇವರ ಊರಿಗೆ ಹೆಂಗ ಬಂದಾ ಕೇಳು. ನೀ ಹೇಳಬ್ಯಾಡ. ಅವರ ಬಾಯಿಲೆ ಕೇಳೂಣು."

ಸಾಹೇಬರು ನಿಧಾನವಾದ ಇಂಗ್ಲಿಷಿನಲ್ಲಿ ಒಂದೊಂದೇ ಮಾತು ಹೇಳುವುದು, ಅಪ್ಪ ಅದನ್ನು ಕನ್ನಡ ಮಾಡುವುದು. ಕಾಕಾ ಪಡಸಾಲೆಯ ಬಾಗಿಲಿಗೆ ಒರಗಿ ನಿಂತಿದ್ದ. ಅವನಿಗೆ ಇಂಗ್ಲಿಷು ಅಪ್ಪನಿಗಿಂತ ಚೆನ್ನಾಗಿ ಬರುತ್ತಿತ್ತು.

"ಭಾಳ ಹಿಂದ ಆ ಊರಿಗೆ ವೈರಿಗಳ ದಂಡು ಮುತ್ತಿಗಿ ಹಾಕಿತ್ತಂತ," ಎಂದ ಅಪ್ಪ.

"ಹೂಂ."

"ಊರವರು ಕೋಟಿ ಬಾಗಲಾ ಹಾಕ್ಕೊಂಡು ಕುಂತ್ರಂತ. ಕಾಳು ಕಡಿ ತೀರಿ ಹೋತು. ದನಾ ಕರಾ ಎಲ್ಲಾ ಹೋಗಿ ಒಂದ ಹೋರಿ ಉಳೀತಂತ."

"ಶಿವನ! ಮುಂದ?"

"ಅದನ್ನ ದಿನಾ ಕೋಟಿ ಗ್ವಾಡಿ ಮ್ಯಾಲ ಅಡ್ಡಾಡಿಸಿದ್ರಂತ. ಒಂದಿನ ಸುಣ್ಣಾ ಬಳದು, ಒಂದಿನ ಮಸಿ ಬಳದು. ಒಳಗ ದನಾ ಇನ್ನೂ ಭಾಳ ಅದಾವು, ಇವರು ಹಸದು ಸಾಯೂದಿಲ್ಲ ಅಂತ ತಿಳಕೊಂಡು ವೈರಿಗಳು ಹೊಳ್ಳಿ ಹೋದ್ರಂತ."

ಆಯಿ ಎರಡೂ ಕೈ ಎತ್ತಿ ಮುಗಿದಳು. "ನೋಡ್ರೆವ್ವಾ! ಒಬ್ಬನ ನಿಂತು ಊರ ಉಳಿಸಿದಾ. ಆಮ್ಯಾಲ ಗುಡಿ ಕಟ್ಟಿದ್ರೇನು?"

ಸಾಹೇಬರು ಇನ್ನೂ ಹೇಳುತ್ತಿದ್ದರು, ನಗುತ್ತ, ಕೈಯಿಂದ ಗಾಳಿಯಲ್ಲಿ ಏನೋ ತಿರುವುತ್ತ. ಮುಗಿಸಿ ಅಪ್ಪನ ಕಡೆ ನೋಡಿದರು. ಅವ್ವ ಅಡಿಗೆಮನೆಯಿಂದ ಬಂದು ನಿಂತಳು. ಒಂದೇ ಮಾತು ಸಾಕಿತ್ತು. ಹೂಂ, ಗುಡಿ ಕಟ್ಟಿದರು ಎಂದಿದ್ದರೆ ಮುಗಿಯುತ್ತಿತ್ತು.

"ಏನಂದ್ರೋ?" ಎಂದಳು ಆಯಿ.

"ವೈರಿಗಳು ಹೋದ ದಿನಾ ಊರ ಮಂದಿ ಕೂಡಿ ಅದನ್ನ ಕಡದು ಉಂಡ್ರಂತ. ಮನಿಮನಿಗೆ ಒಂದೊಂದು ತುಂಡು ಮುಟ್ಟಿಸಿದ್ರಂತ. ಅದರ ನೆನಪಿಗೆ ಈ ಗುರ್ತು. ಈಗೂ ವರ್ಷಕ್ಕೊಮ್ಮೆ ಸಂತಿ ಬಯಲಾಗ ಒಂದ ಹೋರಿ ಸುಟ್ಟು ಹಬ್ಬಾ ಮಾಡ್ತಾರ."

ಆಯಿ ಜಗಲಿಯ ಕಡೆ ನೋಡಲಿಲ್ಲ, ಅಪ್ಪನನ್ನೇ ನೋಡಿದಳು.

"ಆ ಹಬ್ಬಾ ನೀ ಕಂಡೀ ಏನು?"

"ಕಂಡೇನಿ."

"ನಾ ಕೇಳಿದ ದಿನಾ ನೀ ಹೂಂ ಅಂದಿ. ಆವತ್ತ ಇದೆಲ್ಲಾ ಗೊತ್ತಿತ್ತೇನು?"

"ಗೊತ್ತಿತ್ತವ್ವಾ."

ಏನೋ ಕೆಟ್ಟಿತೆಂದು ಸಾಹೇಬರಿಗೆ ತಿಳಿದು ನಗು ನಿಂತಿತು. ಆಯಿ ತಿರುಗಿ ಅವ್ವನಿಗೆ ಹೇಳಿದ್ದು ಇಷ್ಟು: "ಗಂಗವ್ವಾ, ಅವರಿಗೆ ಸಜ್ಜಕ ನೀಡು, ತುಪ್ಪ ಮುಂದ ಮಾಡಿ ಹಾಕು. ಮನಿಗೆ ಬಂದಾರ. ಅವರದೇನೈತಿ ತಪ್ಪು?" ಸಾಹೇಬರು ಉಂಡರು. ಮೆಚ್ಚಿದರು. ಹೋಗುವಾಗ ಮತ್ತೆ ತೊಲೆ ಬಡಿಯದಂತೆ ಅಪ್ಪ ಅವರ ತಲೆಯ ಮೇಲೆ ಕೈ ಅಡ್ಡ ಹಿಡಿದ.

ದೀಪ ಹಚ್ಚುವ ಹೊತ್ತಿಗೆ ಆಯಿ ತಗಡನ್ನು ಇಳಿಸಿದಳು. ಹೂವು ತೆಗೆದಳು. ವಿಭೂತಿಯನ್ನು ತನ್ನ ಸೆರಗಿನಿಂದ ಒರೆಸಿದಳು, ಕೂಸಿನ ಮುಖ ಒರೆಸುವಷ್ಟು ಮೆತ್ತಗೆ. ಅದನ್ನು ಅಪ್ಪನ ಟ್ರಂಕಿನ ಮೇಲೆ ಇಟ್ಟು, ಅಲ್ಲೇ ಕೂತಿದ್ದ ಅವನಿಗೆ ಹೇಳಿದಳು:

"ನೀ ತಿಂದಿಲ್ಲ ಅಂತ ನನಗ ಈಗೂ ನಂಬಿಗಿ ಐತಿ. ಆದ್ರ ಸುಟ್ಟು ತಿನ್ನೂ ಹೋರಿಗೆ ನನ್ನ ಕೈಲೆ ಎಡಿ ಹಿಡಿಸಿದೆಲ್ಲೋ, ಬಸೂ."

ಮರುದಿನ ಮಣೆ ಗೋಡೆಗೆ ಒರಗಿತ್ತು. ಆಯಿ ಅದನ್ನು ಇಡಬೇಡವೆಂದು ಹೇಳಲಿಲ್ಲ, ಅವ್ವ ಇಡಲೇ ಎಂದು ಕೇಳಲಿಲ್ಲ. ಅಪ್ಪ ತಾನೇ ತಾಟು ಹಿಡಿದುಕೊಂಡು ಪಡಸಾಲೆಗೆ ಹೋದ.

ಅಪ್ಪ ಯಾಕೆ ಖರೆ ಹೇಳಿದ ಎಂಬ ಪ್ರಶ್ನೆಯ ಜೊತೆ ನಾನು ಬೆಳೆದೆ. ಬಾಗಿಲಲ್ಲಿ ಕಾಕಾ ಇದ್ದ, ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತಿದ್ದ ಎಂದು ಒಮ್ಮೆ ಅನ್ನಿಸುತ್ತಿತ್ತು. ಆದರೆ ಕಾಕಾ ಬಾಯಿ ಬಿಡುತ್ತಿರಲಿಲ್ಲವೆಂಬುದು ಅಪ್ಪನಿಗೆ ಗೊತ್ತಿತ್ತು. ಒಂದು ಹೂಂ ವರ್ಷಾನುಗಟ್ಟಲೆ ಹೊತ್ತು ಬೇಸತ್ತಿದ್ದ ಎಂದು ಇನ್ನೊಮ್ಮೆ. ತಾಯಿಯನ್ನು ಶಿಕ್ಷಿಸಬೇಕೆನ್ನಿಸಿತ್ತೆ, ಅವಳು ಅವನನ್ನು ಅಷ್ಟು ವಾರ ಹೊರಗಿಟ್ಟದ್ದಕ್ಕೆ? ಕಾಲೇಜಿನ ದಿನಗಳಲ್ಲಿ ಹೀಗೂ ಬರೆದುಕೊಂಡಿದ್ದೆ. ಈಗ ಓದಿದರೆ ನಾಚಿಕೆಯಾಗುತ್ತದೆ. ನಾನು ಚರಿತ್ರೆ ಆರಿಸಿಕೊಂಡದ್ದಕ್ಕೂ ಆ ಮಧ್ಯಾಹ್ನಕ್ಕೂ ಸಂಬಂಧ ಕಲ್ಪಿಸಿ ವಿದ್ಯಾರ್ಥಿಗಳ ಮುಂದೆ ಮಾತಾಡಿದ್ದುಂಟು. ಅದು ಪೂರ್ತಿ ನಿಜವಲ್ಲ. ಆ ವರ್ಷ ಚರಿತ್ರೆಯಲ್ಲಿ ಸೀಟು ಸುಲಭವಾಗಿ ಸಿಗುತ್ತಿತ್ತು. ನನ್ನಲ್ಲಿ ಉಳಿದದ್ದು ಅದಕ್ಕಿಂತ ಸಣ್ಣದು: ಯಾರಾದರೂ ನನ್ನ ಮಾತಿಗೆ ಹೂಂ ಎಂದರೆ ಇವತ್ತಿಗೂ ನಾನು ಅವರ ಮುಖ ನೋಡುತ್ತೇನೆ.

ಆಮೇಲಿನ ನಮ್ಮ ಮನೆಯ ಊಟವನ್ನು ಹೀಗೆ ಹೇಳಬಹುದು. ಒಳಗೆ ಆಯಿ, ಹೊರಗೆ ಅಪ್ಪ, ನಡುವೆ ಗೋಡೆ. ಅವ್ವ ಬಿಸಿ ರೊಟ್ಟಿ ಹಿಡಿದು ಅತ್ತ ಇತ್ತ ಅಡ್ಡಾಡುವಳು. ಆಯಿ ಮುಂದಿನ ತಾಟನ್ನು ಮುಟ್ಟದೆ ಕೇಳುವಳು: "ಅಂವ ಉಣ್ಣಾಕತ್ತಾನೇನು?" ಅವ್ವ ಇಣುಕಿ ನೋಡಿ, "ಹೂಂನ್ರಿ, ಉಣ್ಣಾಕತ್ತಾರ," ಎಂದ ಮೇಲೆ ಅವಳ ತುತ್ತು. ಒಂದೇ ರೊಟ್ಟಿಯನ್ನು ಮುರಿದು ಅರ್ಧ ಒಳಗೆ, ಅರ್ಧ ಹೊರಗೆ ಅವ್ವ ಇಬ್ಬರಿಗೂ ತಿಳಿಯದಂತೆ ನೀಡುತ್ತಿದ್ದಳೆಂದು ನನ್ನ ನೆನಪು. ಅಕ್ಕ ಒಪ್ಪುವುದಿಲ್ಲ. "ಅವ್ವಗ ಅಷ್ಟ ಪುರಸೊತ್ತ ಎಲ್ಲಿತ್ತು?" ಎನ್ನುತ್ತಾಳೆ. ಆ ಅರ್ಧ ರೊಟ್ಟಿ ನನ್ನದೇ ಸೃಷ್ಟಿ ಇರಬೇಕು. ನಾನು ಅದನ್ನು ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ.

ಅಪ್ಪ ಮತ್ತು ಆಯಿ ಮಾತು ಬಿಡಲಿಲ್ಲ. ಅವನು ಅವಳನ್ನು ಮಠಕ್ಕೆ ಕರೆದೊಯ್ಯುತ್ತಿದ್ದ, ಕಣ್ಣಿನ ಆಪರೇಶನ್ ಮಾಡಿಸಿದ, ಚಳಿಗಾಲಕ್ಕೆ ಕಂಬಳಿ ತಂದ. ಅವಳು ಅವನ ಪಾಳಿಯ ಹೊತ್ತು ತಪ್ಪದೆ ಕಾಯುತ್ತಿದ್ದಳು. ಒಟ್ಟಿಗೆ ಉಣ್ಣುವುದೊಂದು ಮಾತ್ರ ಇರಲಿಲ್ಲ. ಎರಡು ಸಲ ಅಯ್ಯನವರು ಬಂದು ಬುದ್ಧಿ ಹೇಳಿದರು. ಆಯಿ ಎರಡು ಸಲವೂ ಅವರ ಪಾದಕ್ಕೆ ಹಣೆ ಹಚ್ಚಿ ಕಳಿಸಿದಳು. ಕೊನೆಯ ಬೇನೆಯಲ್ಲಿ ಅವಳಿಗೆ ಗಂಜಿ ಕುಡಿಸುವವಳು ಅವ್ವ. ಅಪ್ಪ ಬಾಗಿಲ ಹೊರಗೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಚಮಚ ತುಟಿಗೆ ಬಂದಾಗ ಆಯಿ ಕಣ್ಣು ತೆರೆದು ಅವ್ವನನ್ನು ನೋಡುವಳು. ಕೇಳಲು ದನಿ ಇರಲಿಲ್ಲ. "ಉಂಡಾರ್ರಿ ಅತ್ತಿ, ಉಂಡಾರ," ಎನ್ನುತ್ತಿದ್ದಳು ಅವ್ವ. ಅಪ್ಪ ಆ ದಿನಗಳಲ್ಲಿ ಉಣ್ಣುತ್ತಿರಲಿಲ್ಲ.

ಅವಳು ಹೋದ ಮೇಲೆ, ದಿನಕರ್ಮವೆಲ್ಲ ಮುಗಿದ ಮೇಲೆ, ಅವ್ವ ಮಣೆ ಹಾಕಿ ಕರೆದಳು. "ಇನ್ನ ಯಾರ ಬ್ಯಾಡ ಅಂತಾರ್ರಿ? ಒಳಗ ಬರ್ರಿ." ಅಪ್ಪ "ರೂಢಿ ಆಗೇತಿ, ಇಲ್ಲೇ ಕೊಡು" ಎಂದ. ಅವ್ವ ಸಾಯುವತನಕ ಕರೆದಳು. ಈಗ ಅವಳೂ ಇಲ್ಲ, ಕಾಕಾನೂ ಇಲ್ಲ. ಹಳೇ ಹುಬ್ಬಳ್ಳಿಯ ಮನೆ ರಸ್ತೆ ಅಗಲ ಮಾಡುವಾಗ ಹೋಯಿತು. ಅಪ್ಪ ಧಾರವಾಡದ ಹತ್ತಿರ ಸತ್ತೂರಿನಲ್ಲಿ ನನ್ನ ಜೊತೆ ಇದ್ದಾನೆ. ಒಳಗೆ ಟೇಬಲ್ಲು, ಕುರ್ಚಿ ಇವೆ. ಅವನು ಮುಂದಿನ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು, ಗೋಡೆಗೆ ಮುಖ ಮಾಡಿ ಉಣ್ಣುತ್ತಾನೆ.

ಹೋದ ಮಳೆಗಾಲದಲ್ಲಿ, ಈ ಅಧ್ಯಾಯ ಬರೆಯಲು ಕೂತಾಗ, ಆ ಊರನ್ನು ಮೊಬೈಲಿನಲ್ಲಿ ಹುಡುಕಿದೆ. ಇಷ್ಟು ವರ್ಷ ಯಾಕೆ ಹುಡುಕಿರಲಿಲ್ಲವೋ ತಿಳಿಯದು. ಊರಿನವರೇ ನಡೆಸುವ ಪುಟ ಸಿಕ್ಕಿತು. ಲಾಂಛನದ ಹುಟ್ಟಿನ ಬಗ್ಗೆ ಅಲ್ಲಿ ದೀರ್ಘ ಟಿಪ್ಪಣಿ ಇತ್ತು. ಫೋನಿನಲ್ಲೇ ಇಂಗ್ಲಿಷಿಗೆ ತಿರುಗಿಸಿ ಓದಿದೆ. ಮುತ್ತಿಗೆಯ ಕಥೆಗೆ ಯಾವ ಆಧಾರವೂ ಇಲ್ಲವಂತೆ. ಆ ಕಾಲದಲ್ಲಿ ಊರಿಗೆ ಮುತ್ತಿಗೆಯೇ ಬಿದ್ದಿರಲಿಲ್ಲ. ಬಹಳ ಈಚೆಗೆ ಅಲ್ಲಿನ ಶಾಲಾ ಮಾಸ್ತರರೊಬ್ಬರು ಉತ್ಸವದ ಮೆರವಣಿಗೆಗೆಂದು ಅದನ್ನು ಕಟ್ಟಿದರಂತೆ, ಹೋರಿ ಸುಡುವುದೂ ಆಗಲೇ ಶುರುವಾಯಿತಂತೆ. ಎಲ್ಲಕ್ಕಿಂತ ಹಳೆಯ ಮುದ್ರೆಯಲ್ಲಿ ಹೋರಿಗೆ ರೆಕ್ಕೆಗಳಿವೆ. ಅದು ಊರಿನ ಮೊದಲ ಚರ್ಚು ಯಾವ ಸಂತನ ಹೆಸರಿನಲ್ಲಿತ್ತೋ ಆ ಸಂತನ ಗುರುತು. ಮುದ್ರೆಯಿಂದ ಮುದ್ರೆಗೆ ಕೊರೆಯುವಾಗ ರೆಕ್ಕೆಗಳು ಸವೆದುಹೋದವು. ದೇವರ ಹೋರಿ ಬರೀ ಹೋರಿಯಾಗಿ ಉಳಿಯಿತು.

ಆ ಪುಟವನ್ನು ಮತ್ತೆಮತ್ತೆ ಓದಿದೆ. ಅಪ್ಪನ ಹೂಂ ಸುಳ್ಳಾಗಿರಲಿಲ್ಲ. ಊರಿಗೆ ಊರೇ ಒಂದು ಕಾಲಕ್ಕೆ ಅದಕ್ಕೆ ನಡೆದುಕೊಂಡಿತ್ತು. ಖರೆ ಎಂದು ಹೇಳಿದ್ದು ಖರೆಯಾಗಿರಲಿಲ್ಲ. ಇದನ್ನು ಅವನಿಗೆ ಹೇಳಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ತಿಣುಕಿದೆ. ತಾಯಿಯ ಪಕ್ಕದ ಜಾಗ ಕಳೆದುಕೊಂಡು ಅವನು ಉಳಿಸಿಕೊಂಡದ್ದು ಖರೆ ಹೇಳಿದೆ ಎಂಬುದೊಂದೇ. ಎಂಬತ್ತು ದಾಟಿದವನಿಂದ ಅದನ್ನೂ ಕಿತ್ತುಕೊಳ್ಳಬೇಕೆ? ಹೇಳದಿದ್ದರೆ ನಾನೂ ಒಂದು ಹೂಂ ಎಂದಂತೆಯೇ ಅಲ್ಲವೆ? ಕೊನೆಗೆ ಮೊನ್ನೆ ಮಧ್ಯಾಹ್ನ, ಊಟಕ್ಕೆ ಮೊದಲು, ಅವನ ಪಕ್ಕ ಕೂತು ಎಲ್ಲ ಹೇಳಿದೆ. ಹಳೆಯ ಮುದ್ರೆಯ ಚಿತ್ರ ದೊಡ್ಡದು ಮಾಡಿ ತೋರಿಸಿದೆ. ಅವನು ಚಸ್ಮಾ ಏರಿಸಿ ಬಹಳ ಹೊತ್ತು ನೋಡಿದ.

"ರೆಕ್ಕಿ?"

"ಹೂಂ, ಅಪ್ಪಾ. ಮೊದಲ ರೆಕ್ಕಿ ಇದ್ದುವು."

"ದೇವರದ ಇತ್ತಲ್ಲ ಹಂಗಾರ."

"ಹೌದು."

"ಸಾಹೇಬಗ ಗೊತ್ತಿರಾಕಿಲ್ಲ ಬಿಡು, ಪಾಪ. ಅಂವ ಸಾಲ್ಯಾಗ ಕಲಿಸಿದ್ದು ಹೇಳಿದಾ."

ಆಗ ಕೇಳಿಬಿಟ್ಟೆ. "ಆವತ್ತ ನೀ ಯಾಕ ಹೇಳಿದಿ, ಅಪ್ಪಾ? ಗುಡಿ ಕಟ್ಟಿದ್ರು ಅಂದಿದ್ರ ಆಗತಿತ್ತಲ್ಲ."

ಅವನು ನನ್ನನ್ನು ವಿಚಿತ್ರವಾಗಿ ನೋಡಿದ, ಇಷ್ಟು ಓದಿದವಳು ಇದನ್ನು ಕೇಳುವುದೆ ಎಂಬಂತೆ.

"ನನ್ನ ಮಾತಾಗಿದ್ರ ಸುಳ್ಳ ಹೇಳತಿದ್ನಿ. ಮೊದಲ ಹೂಂ ಅಂದಾಗ ಹೇಳಿದ್ನಲ್ಲ. ಅದು ಅವನ ಮಾತು. ಒಬ್ಬಾಂವ ನನ್ನ ನಂಬಿ ಮಾತ ಕೊಟ್ಟಾನ, ಅವ್ವ ನನ್ನ ನಂಬಿ ಕೇಳಾಕತ್ತಾಳ. ನಡಬರ್ಕ ನಾ ನಂದು ಹೆಂಗ ಸೇರಸಲಿ?"

ಅಷ್ಟೇ ಇತ್ತು. ನನ್ನ ದಿನಚರಿಯ ಯಾವ ಪುಟದಲ್ಲೂ ಈ ಕಾರಣ ಇರಲಿಲ್ಲ. ಅವನು ಫೋನನ್ನು ನನ್ನ ಕೈಗೆ ಕೊಟ್ಟು, ಚಸ್ಮಾ ತೆಗೆದು ಧೋತರದ ಅಂಚಿನಿಂದ ಒರೆಸಿಕೊಳ್ಳುತ್ತ ಕೂತ. ಅವನು ಅಳುತ್ತಾನೇನೋ ಎಂದು ಕಾದೆ; ಅಳಲಿಲ್ಲ. ಹೊರಗೆ ಆಸ್ಪತ್ರೆಯ ಕಡೆ ಅಂಬುಲೆನ್ಸ್ ಕೂಗಿಕೊಂಡು ಹೋಯಿತು. ಊಟದ ಹೊತ್ತು ಮೀರಿತ್ತು. ನಾನು ಎದ್ದು, ಆದಷ್ಟು ಸಹಜವಾಗಿ ಹೇಳಿದೆ:

"ಅಪ್ಪಾ, ಈಗರೆ ಒಳಗ ಬಾ. ಅಲ್ಲೇ ಉಣ್ಣೂಣು."

ಅವನು ಒಳಗಿನ ಬಾಗಿಲ ಕಡೆ ನೋಡಿದ. ಯಾರಾದರೂ ಕರೆದರೋ ಎಂದು ಕಿವಿಗೊಟ್ಟವನಂತೆ ತುಸು ಹೊತ್ತು ನೋಡಿದ.

"ಒಳಗ ಯಾರದಾರ?" ಎಂದ.

ನಾನು ರೊಟ್ಟಿ, ಪಲ್ಯ ಹಾಕಿಕೊಂಡು ಬಂದು ಚಾಪೆಯ ಮೇಲೆ ಅವನ ಮುಂದೆ ಇಟ್ಟೆ. ಅವನು ಗೋಡೆಯ ಕಡೆ ತಿರುಗಿ, ರೊಟ್ಟಿ ಮುರಿದ.